ಚಿತ್ರೀಕರಣ ಮತ್ತು ಸಂಕಲನ: ಮೊದಲ ಪಾಠಗಳು

ವಿಡಿಯೊ ಕ್ಯಾಮೆರಾ ಸೆಕೆಂಡಿಗೆ 24, 25 ಅಥವಾ 30 ಸ್ಥಿರಚಿತ್ರಗಳನ್ನು (ಫ್ರೇಮ್) ತೆಗೆಯುತ್ತದೆ. ಅವು ಅದೇ ವೇಗದಲ್ಲಿ ಕಣ್ಣಮುಂದೆ ಸಾಗಿದಾಗ ಮಿದುಳು ಚಲನೆಯನ್ನು ಕಾಣುತ್ತದೆ. ಪ್ರತಿ ಚಿತ್ರಕ್ಕೆ ಎಷ್ಟು ಬೆಳಕು ಬೇಕು, ಚಿತ್ರೀಕರಿಸಿದ ತುಣುಕುಗಳು ಯಾವ ಕ್ರಮದಲ್ಲಿ ಬರಬೇಕು ಎಂಬುದೇ ಸಿನಿಮಾ ತರಗತಿಯ ಆರಂಭಿಕ ಪಾಠ.

ಬೆಂಗಳೂರಿನಲ್ಲಿ ಈ ಕಲಿಕೆ ಹಳೆಯದು. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸಲಾಗುತ್ತಿತ್ತು. ಸಿನಿಮಾ ಛಾಯಾಗ್ರಾಹಕರಾದ ಮೈಸೂರಿನ ವಿ.ಕೆ. ಮೂರ್ತಿ, ಅನಂತರ ಗೋವಿಂದ ನಿಹಲಾನಿ ಅಲ್ಲಿಯೇ ಓದಿದರು. ಆ ವಿಭಾಗದಿಂದ ಬೆಳೆದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಈಗ ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟದಲ್ಲಿದೆ.

ಬೆಳಕಿನ ಹಿಡಿತ ಮೂರು ಕಡೆ ಇರುತ್ತದೆ. ಲೆನ್ಸಿನ ಕಿಂಡಿಯಾದ ಅಪರ್ಚರ್ ಅನ್ನು ಎಫ್ 2.8ರಿಂದ 4ಕ್ಕೆ ಕಿರಿದಾಗಿಸಿದರೆ ಒಳಬರುವ ಬೆಳಕು ಅರ್ಧವಾಗುತ್ತದೆ, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುತ್ತದೆ. ಶಟರ್, ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿಯನ್ನು ನಿರ್ಧರಿಸುತ್ತದೆ. ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟವಾದ ಐಎಸ್‌ಒ ಏರಿಸಿದರೆ ಚಿತ್ರ ಬೆಳಗುತ್ತದೆ. ಮಂದ ಬೆಳಕಿನಲ್ಲಿ ಹೀಗೆ ಮಾಡಿದಾಗ ಕಾಳುಕಾಳಾದ ನಾಯ್ಸ್ ಎದ್ದು ಕಾಣುತ್ತದೆ.

ವಿಡಿಯೊದಲ್ಲಿ ಶಟರ್ ಅನ್ನು ಮನಬಂದಂತೆ ಬದಲಿಸುವಂತಿಲ್ಲ. ಫ್ರೇಮಿನ ಅವಧಿಯ ಅರ್ಧದಷ್ಟು ಕಾಲ ಶಟರ್ ತೆರೆದಿದ್ದರೆ ಚಲನೆ ಸಹಜವಾಗಿ ಕಾಣುತ್ತದೆ. 25 ಫ್ರೇಮಿನ ವಿಡಿಯೊಗೆ ಅದು 1/50 ಸೆಕೆಂಡ್. ಭಾರತದಲ್ಲಿ ಈ ಅಂಕಿಗೆ ಇನ್ನೊಂದು ಲಾಭವಿದೆ. ಇಲ್ಲಿನ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಹಳೆಯ ಟ್ಯೂಬ್‌ಲೈಟ್‌ಗಳೂ ಕೆಲವು ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50ರಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುತ್ತವೆ. ಶಟರ್ 1/60 ಆದರೆ ಲೆಕ್ಕ ತಪ್ಪಿ, ಚಿತ್ರ ಅದುರುತ್ತದೆ ಅಥವಾ ಅಡ್ಡಪಟ್ಟಿಗಳು ಮೂಡುತ್ತವೆ.

ಬಯಲಿನಲ್ಲಿ ಕಷ್ಟ ಬೇರೆ. ನಡುಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ 100, ಶಟರ್ 1/50 ಇಟ್ಟರೆ ಅಪರ್ಚರ್ ಸುಮಾರು ಎಫ್ 22ಕ್ಕೆ ಇಳಿಯಬೇಕು. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ವಿವರ್ತನೆಗೊಂಡು ಚಿತ್ರ ಮಬ್ಬಾಗುತ್ತದೆ. ಬೆಳಕನ್ನು ಎಂಟನೇ ಒಂದು ಭಾಗಕ್ಕೆ ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಎಫ್ 8 ಸಾಕು. ಸ್ಟುಡಿಯೊದ ಒಳಗೆ ಬೆಳಕನ್ನು ತರಬೇಕಾಗುತ್ತದೆ: ‘ಕಾಗಜ್ ಕೇ ಫೂಲ್’ (1959) ಚಿತ್ರದ ಹೆಸರಾಂತ ಬೆಳಕಿನ ಕೋಲನ್ನು ಮೂರ್ತಿ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಸೃಷ್ಟಿಸಿದ್ದರು.

ಸಂಕಲನದ ಅರ್ಧ ಕೆಲಸ ಚಿತ್ರೀಕರಣದಲ್ಲೇ ಮುಗಿಯುತ್ತದೆ. ಪ್ರತಿ ಶಾಟ್‌ನ ಹಿಂದೆ ಮುಂದೆ ಕೆಲವು ಸೆಕೆಂಡು ಹೆಚ್ಚು ತೆಗೆದರೆ ಕತ್ತರಿಸಲು ಜಾಗ ಸಿಗುತ್ತದೆ. ಮಾತಾಡುವ ಇಬ್ಬರ ನಡುವೆ ಕಲ್ಪಿಸಿದ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇರಬೇಕು. ಗೆರೆ ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡಿದಂತೆ ಕಾಣುತ್ತದೆ.

ಎಡಿಟಿಂಗ್ ತಂತ್ರಾಂಶ ಮೂಲ ಫೈಲನ್ನು ಕತ್ತರಿಸುವುದಿಲ್ಲ. ಯಾವ ತುಣುಕು ಎಲ್ಲಿ ಶುರು, ಎಲ್ಲಿ ಕೊನೆ ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಹೀಗಾಗಿ ತಪ್ಪಾದರೆ ಹಿಂದಕ್ಕೆ ಹೋಗಬಹುದು. ಬೇರೆ ರೆಕಾರ್ಡರಿನ ಧ್ವನಿಯನ್ನು ಹೊಂದಿಸಲು ಕ್ಲಾಪ್ ಬೋರ್ಡ್ ನೆರವಾಗುತ್ತದೆ: ಹಲಗೆ ಕೂಡುವ ಫ್ರೇಮನ್ನು ‘ಟಪ್’ ಸದ್ದಿಗೆ ಜೋಡಿಸಬೇಕು. 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ತಪ್ಪಿದರೆ 40 ಮಿಲಿಸೆಕೆಂಡ್ ವ್ಯತ್ಯಾಸ. ಎರಡು ಮೂರು ಫ್ರೇಮ್ ತಪ್ಪಿದರೆ ತುಟಿಗೂ ಮಾತಿಗೂ ತಾಳ ಕೂಡದು.

ತುಣುಕುಗಳ ಕ್ರಮವೇ ಅರ್ಥವನ್ನೂ ಹುಟ್ಟಿಸುತ್ತದೆ. ಒಬ್ಬ ನಟನ ಭಾವರಹಿತ ಮುಖದ ಪಕ್ಕದಲ್ಲಿ ಊಟದ ಬಟ್ಟಲು ಬಂದರೆ ಹಸಿವು, ಶವಪೆಟ್ಟಿಗೆ ಬಂದರೆ ದುಃಖ ಕಾಣುತ್ತದೆ ಎಂಬುದನ್ನು ರಷ್ಯಾದ ಲೆವ್ ಕುಲೆಶೋವ್ ಸುಮಾರು 1920ರ ಹೊತ್ತಿಗೆ ತೋರಿಸಿಕೊಟ್ಟರು. ಮುಂದಿನ ದೃಶ್ಯದ ಧ್ವನಿಯನ್ನು ಚಿತ್ರಕ್ಕಿಂತ ಮೊದಲೇ ಕೇಳಿಸಿದರೆ ಕತ್ತರಿಸಿದ ಜಾಗ ಗಮನಕ್ಕೆ ಬರುವುದಿಲ್ಲ. ಕ್ರಮ ನಿಶ್ಚಯವಾದ ಮೇಲೆ ಬಣ್ಣ ಮತ್ತು ಧ್ವನಿಯ ಮಟ್ಟವನ್ನು ಸರಿದೂಗಿಸಿ, ಚಿತ್ರೀಕರಣದ ಫ್ರೇಮ್ ವೇಗದಲ್ಲೇ ಕೊನೆಯ ಪ್ರತಿ ತೆಗೆಯಲಾಗುತ್ತದೆ.