ಲೋಗೊ ತಲೆಗೆ ಕ್ರಿಸ್‌ಮಸ್ ಟೋಪಿ

ಡಿಸೆಂಬರ್ ಕೊನೆಗೆ ಕೆಲವು ಟಿ.ವಿ. ಚಾನೆಲ್‌ಗಳ ಲೋಗೊ ಮೇಲೆ ಕೆಂಪು ಟೋಪಿ, ಬೀಳುವ ಹಿಮ ಕಾಣುತ್ತದೆ. ಹಳೆಯ ಸಿನಿಮಾ ಹಾಕಿದಾಗಲೂ ಅದು ಹೇಗೆ ಬರುತ್ತದೆ?
– ಓದುಗರೊಬ್ಬರು, ಬನಹಟ್ಟಿ

ಲೋಗೊ ಸಿನಿಮಾದೊಳಗೆ ಇರುವುದೇ ಇಲ್ಲ. ಕಾರ್ಯಕ್ರಮ ಉಪಗ್ರಹಕ್ಕೆ ಹೊರಡುವ ಮುನ್ನ ಚಾನೆಲ್‌ನ ಪ್ರಸಾರ ನಿಯಂತ್ರಣ ಕೊಠಡಿಯ ಮೂಲಕ ಹೋಗುತ್ತದೆ. ಅಲ್ಲಿ ಯಂತ್ರವೊಂದು ಲೋಗೊವನ್ನು ಅದರ ಮೇಲೆ ಕೂಡಿಸುತ್ತದೆ. ಹಾಗಾಗಿ ಮುಧೋಳದ ಕೇಬಲ್‌ನಲ್ಲೂ ಬೀಳಗಿಯ ಡಿಶ್‌ನಲ್ಲೂ ಒಂದೇ ಟೋಪಿ.

ಲೋಗೊ ಫೈಲಿನಲ್ಲಿ ಬಣ್ಣದ ಜೊತೆಗೆ ಪ್ರತಿ ಚುಕ್ಕೆ ಎಷ್ಟು ಪಾರದರ್ಶಕ ಎಂಬ ಮಾಹಿತಿಯೂ ಇರುತ್ತದೆ. ಪೂರ್ತಿ ಪಾರದರ್ಶಕವಾದ ಕಡೆ ಸಿನಿಮಾ ಕಾಣುತ್ತದೆ, ಉಳಿದ ಕಡೆ ಲೋಗೊ. ಹಿಮ ಬೀಳಿಸಲು ಇಂಥ ಹಲವು ಚಿತ್ರಗಳನ್ನು ಸೆಕೆಂಡಿಗೆ 25ರಂತೆ ಮತ್ತೆ ಮತ್ತೆ ಓಡಿಸುತ್ತಾರೆ. ನಿಮ್ಮೂರಿನ ಜಕಾರ್ಡ್ ಮಗ್ಗದಲ್ಲಿ ಹಾಸು ಅದೇ ಇದ್ದರೂ ಕಾರ್ಡ್ ಬದಲಿಸಿದರೆ ಸೀರೆಯ ಹೂವು ಬದಲಾಗುತ್ತದಲ್ಲ, ಹಾಗೆಯೇ ಇಲ್ಲಿ ಫೈಲು ಬದಲಿಸಿದರೆ ಸಾಕು. ದೀಪಾವಳಿಯ ಹಣತೆ ಬರುವುದೂ ಹೀಗೇ.

ಕಂಪ್ಯೂಟರ್ ಬರುವ ಮುನ್ನ ಇದು ಕೈಕೆಲಸ. 1970ರ ದಶಕದಲ್ಲಿ ಬ್ರಿಟನ್ನಿನ ಬಿಬಿಸಿ ತನ್ನ ಕ್ರಿಸ್‌ಮಸ್ ಚಿಹ್ನೆಗಾಗಿ ಪುಟ್ಟ ಮಾದರಿಗಳನ್ನು ಕಟ್ಟಿಸಿ, ಕ್ಯಾಮೆರಾ ಮುಂದೆ ತಿರುಗಿಸಿ ತೋರಿಸುತ್ತಿತ್ತು. ಇಂದಿನ ಯಾವ ಗ್ರಾಫಿಕ್ಸ್‌ಗಿಂತಲೂ ಆ ಕುಶಲಕರ್ಮಿಗಳ ಕೆಲಸವೇ ನನಗೆ ದೊಡ್ಡದು.