ಬರೆಯುವ ಗೆಳೆಯನಿಗೆ ಬಳಗದ ಹೆಗಲು

ಪುಸ್ತಕ ಬಿಡುಗಡೆಯ ಸಮಾರಂಭಗಳು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈಗ ಅಪರೂಪವಲ್ಲ. ನಿವೃತ್ತ ಉಪಾಧ್ಯಾಯರು ತಮ್ಮ ಊರಿನ ಚರಿತ್ರೆಯನ್ನು ಬರೆಯುತ್ತಾರೆ. ಮಕ್ಕಳನ್ನು ದಡ ಸೇರಿಸಿದ ತಾಯಂದಿರು ತಮಗೆ ಬಾಯಿಪಾಠವಾಗಿರುವ ಹಾಡುಗಳನ್ನು ಅಕ್ಷರಕ್ಕಿಳಿಸುತ್ತಾರೆ. ತಂಬಾಕು ಹದ ಮಾಡುವ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಎಚ್ಚರವಿರಬೇಕಾದ ತರುಣನೊಬ್ಬ ಅದೇ ಬೆಳಕಿನಲ್ಲಿ ಕವಿತೆ ಬರೆಯುತ್ತಾನೆ. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಬಿಡುಗಡೆಯಾದ ಪುಸ್ತಕ ಮರುದಿನ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ.

ಹಲವು ವರ್ಷಗಳ ಹಿಂದಿನ ಮಾತು. ಪಿರಿಯಾಪಟ್ಟಣದ ಕಡೆಯ ಉಪಾಧ್ಯಾಯರೊಬ್ಬರು ನಮಗೆ ಆತ್ಮೀಯರಾಗಿದ್ದರು. ರಜೆಯ ದಿನಗಳಲ್ಲಿ ಬೆಟ್ಟದಪುರದ ಸುತ್ತಲಿನ ಹಳ್ಳಿಗಳಿಗೆ ನಡೆದು ಹೋಗಿ ಮುದುಕಿಯರ ಬಾಯಿಂದ ಸೋಬಾನೆಯ ಪದ, ಬೀಸುವ ಪದಗಳನ್ನು ಬರೆದುಕೊಳ್ಳುತ್ತಿದ್ದರು. ಮನೆಯವರ ಕೊರಳ ಸರವನ್ನು ಒತ್ತೆಯಿಟ್ಟು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಬಿಡುಗಡೆ ವೈಭವದಿಂದಲೇ ನಡೆಯಿತು. ಹಾರ, ಶಾಲು, ಫಲತಾಂಬೂಲ, ಊಟ ಎಲ್ಲವೂ ಇದ್ದವು. ಸ್ನೇಹಿತರಾದ ನಮಗೆಲ್ಲ ಅವರು ಗೌರವ ಪ್ರತಿ ಕೊಟ್ಟರು; ನಾವೂ ನಗುತ್ತ ಪಡೆದೆವು. ಬೆಲೆ ಕೊಡಬೇಕೆಂಬುದು ನಮಗೆ ತೋಚಲಿಲ್ಲ. ತೋಚಿದ್ದರೂ ಆತ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಇಂದಿಗೂ ಸಮಾಧಾನ ಹೇಳಿಕೊಳ್ಳುತ್ತೇವೆ.

ಮೂರು ವರ್ಷಗಳ ಮೇಲೆ ಅವರ ಮನೆಗೆ ಹೋದಾಗ ಮಂಚದ ಕೆಳಗೆ ಪುಸ್ತಕದ ಕಟ್ಟುಗಳು ಹಾಗೆಯೇ ಇದ್ದವು. ಎರಡನೆಯ ಭಾಗದ ಹಸ್ತಪ್ರತಿ ಸಿದ್ಧವಾಗಿತ್ತು. ಅದನ್ನು ಅಚ್ಚಿಗೆ ಕೊಡುವುದಿಲ್ಲವೇ ಎಂದು ಕೇಳಿದೆವು. ಅವರು ಉತ್ತರ ಕೊಡಲಿಲ್ಲ. ಮೊದಲ ಭಾಗದಲ್ಲಿ ನಮಗೆ ಯಾವ ಹಾಡು ಹಿಡಿಸಿತೆಂದು ಮಾತ್ರ ಕೇಳಿದರು. ನಾವು ಪುಸ್ತಕವನ್ನು ತೆರೆದೇ ಇರಲಿಲ್ಲ. ಏನೋ ಒಂದು ಹೇಳಿ ಎದ್ದು ಬಂದೆವು. ಈಗ ಅವರಿಲ್ಲ. ಹಾಡು ಹೇಳಿದ ಮುದುಕಿಯರೂ ಇಲ್ಲ. ಆ ಎರಡನೆಯ ಭಾಗವನ್ನು ಗೆದ್ದಲು ತಿಂದಿತೆಂದು ಅನಂತರ ತಿಳಿಯಿತು. ಆ ಹಾಡುಗಳನ್ನು ಉಳಿಸಿಕೊಳ್ಳಲು ನಾವು ತೆರಬೇಕಾಗಿದ್ದ ಬೆಲೆ ಒಂದು ಪುಸ್ತಕದ ಬೆಲೆ ಮತ್ತು ಎರಡು ಸಂಜೆಗಳ ಓದು, ಅಷ್ಟೆ.

ಅರಸರಿದ್ದ ಕಾಲ, ಗೆಳೆಯರ ಕಾಲ

ನಮ್ಮ ಈ ಸೀಮೆ ಸಾಹಿತ್ಯಕ್ಕೆ ಹೊಸದಲ್ಲ. ಸಮ್ಯಕ್ತ್ವ ಕೌಮುದಿ, ಜಯನೃಪ ಕಾವ್ಯ, ಅಡುಗೆಯನ್ನು ಕುರಿತ ಸೂಪಶಾಸ್ತ್ರ ಮೊದಲಾದ ಕೃತಿಗಳನ್ನು ರಚಿಸಿದ ಮೂರನೆಯ ಮಂಗರಸನು ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದವನು. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಜೈನ ಕವಿ. ಆಳುವ ಪ್ರಭುವೇ ಕವಿಯಾಗಿದ್ದಾಗ ಓಲೆಗರಿಯ ಪ್ರತಿ ಮಾಡಿಸುವುದು ದೊಡ್ಡ ಚಿಂತೆಯಾಗಿರಲಾರದು. ಇಂದು ಬರೆಯುವವರು ಮೇಷ್ಟರು, ರೈತರು, ಗುಮಾಸ್ತರು, ಗೃಹಿಣಿಯರು. ಅವರಿಗೆ ಆಸ್ಥಾನವಿಲ್ಲ. ಇರುವುದು ಬಂಧುಬಳಗ ಮಾತ್ರ.

ಬಳಗವು ಹಿಂದೆ ಸರಿದರೆ ಬರೆಯುವವನ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮೆಲ್ಲರಿಗೂ ಪೂಜ್ಯರಾದ ಡಾ. ಫ.ಗು. ಹಳಕಟ್ಟಿಯವರ ಜೀವನವನ್ನು ನೋಡಬೇಕು. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ಮನೆಮನೆಗಳಲ್ಲಿ, ಮಠಗಳಲ್ಲಿ ಮೂಲೆ ಸೇರಿದ್ದ ಓಲೆಗರಿಗಳನ್ನು ಹುಡುಕಿ ತಂದರು. ವಚನಶಾಸ್ತ್ರಸಾರದ ಮೊದಲ ಭಾಗವು ೧೯೨೩ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದಿತು. ಮುಂದಿನ ಕೃತಿಗಳಿಗಾಗಿ ಪರರ ಬಾಗಿಲು ಕಾಯುವುದಕ್ಕಿಂತ ತಮ್ಮದೇ ಮುದ್ರಣಾಲಯ ಬೇಕೆಂದು ಸ್ವಂತ ಮನೆಯನ್ನು ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಬಾಡಿಗೆಯ ಮನೆಯಲ್ಲಿ ಬಾಳಿದರು. ಅವರ ಜನ್ಮದಿನವಾದ ಜುಲೈ ೨ನ್ನು ನಾವು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ. ಮನೆ ಮಾರಿದ ಕಥೆಯನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಆ ತ್ಯಾಗದ ಹಿರಿಮೆ ಅವರದು. ಆದರೆ ನಮ್ಮ ಕಾಲದ ಯಾವ ಬರಹಗಾರನೂ ಮನೆ ಮಾರದಂತೆ ನೋಡಿಕೊಳ್ಳುವ ಹೊಣೆ ನಮ್ಮದು.

ಹಾವೇರಿ ಸೀಮೆಯ ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆಯುವುದೂ ಅವರೇ, ಹೊರುವುದೂ ಅವರೇ. ಹೊರುವ ಕೆಲಸಕ್ಕೆ ಇನ್ನೊಂದು ಹೆಗಲು ಸಿಕ್ಕಿದ್ದರೆ ಇನ್ನೆಷ್ಟು ಬರೆಯುತ್ತಿದ್ದರೋ! ೧೯೩೩ರ ಆಗಸ್ಟ್ ೧೫ರಂದು ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಹುಟ್ಟುಹಾಕಿದ ಮನೋಹರ ಗ್ರಂಥಮಾಲೆ ಬೇರೊಂದು ದಾರಿ ತೋರಿತು. ಓದುಗರು ಮೊದಲೇ ಚಂದಾ ಹಣ ಕೊಡುವುದು, ಪುಸ್ತಕ ಬಂದಂತೆ ಪಡೆಯುವುದು. ದೂರದ ಇಂಗ್ಲೆಂಡಿನಲ್ಲಿಯೂ ಅಲೆಗ್ಸಾಂಡರ್ ಪೋಪನು ಹೋಮರನ ಇಲಿಯಡ್ ಕಾವ್ಯದ ಅನುವಾದವನ್ನು ೧೭೧೫ರಿಂದ ೧೭೨೦ರವರೆಗೆ ಆರು ಸಂಪುಟಗಳಲ್ಲಿ ತಂದದ್ದು ಚಂದಾದಾರರ ಹಣದಿಂದಲೇ. ದೊಡ್ಡವರಿಗೆ ಒದಗಿದ ಈ ಉಪಾಯ ನಮ್ಮ ಊರಿನ ಮೇಷ್ಟರಿಗೂ ಒದಗುತ್ತದೆ.

ಅಚ್ಚಿಗೆ ಮೊದಲು

ಗೆಳೆಯರ ಮೊದಲ ಕರ್ತವ್ಯ ಹಸ್ತಪ್ರತಿಯನ್ನು ಓದುವುದು. ಹೊಗಳುವುದಕ್ಕಾಗಿ ಅಲ್ಲ, ತಿದ್ದುವುದಕ್ಕಾಗಿ. ಬರೆದವನ ಕಣ್ಣು ತನ್ನ ತಪ್ಪನ್ನು ಕಾಣುವುದಿಲ್ಲ. ಊರ ಹೆಸರು, ಇಸವಿ, ವಂಶಾವಳಿ, ಶಾಸನದ ಪಾಠ ಇವುಗಳನ್ನು ಒಬ್ಬರು ನೋಡಲಿ. ಕಾಗುಣಿತ, ಒತ್ತಕ್ಷರಗಳನ್ನು ಇನ್ನೊಬ್ಬರು ನೋಡಲಿ. ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದಿ ಮತ್ತೊಬ್ಬರು ಮೂಲದೊಡನೆ ಹೋಲಿಸಿ ನೋಡಿದರೆ ತಪ್ಪುಗಳು ತಪ್ಪಿಸಿಕೊಳ್ಳಲಾರವು. ಕೆಲವು ಪುಟ ಬಿಡಬೇಕೆನಿಸಿದರೆ ಅದನ್ನು ಏಕಾಂತದಲ್ಲಿ, ಅಚ್ಚಾಗುವ ಮೊದಲೇ ಹೇಳುವುದು ಸ್ನೇಹ. ಅಚ್ಚಾದ ಮೇಲೆ ಸಭೆಯಲ್ಲಿ ಹೇಳುವುದು ಸ್ನೇಹವಲ್ಲ.

ಎರಡನೆಯದು ಲೆಕ್ಕ. ಅಕ್ಷರ ಜೋಡಣೆ, ಪುಟವಿನ್ಯಾಸ, ಮುಖಪುಟ ಇವುಗಳ ವೆಚ್ಚ ನೂರು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಆದ್ದರಿಂದ ಹೆಚ್ಚು ಹಾಕಿಸಿದಷ್ಟೂ ಪ್ರತಿಯೊಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ. ಇದನ್ನು ಕೇಳಿ ಲೇಖಕರು ಸಾವಿರ ಪ್ರತಿಗೆ ಮನಸ್ಸು ಮಾಡುತ್ತಾರೆ. ಮಾರಾಟವಾಗದ ಪ್ರತಿ ಎಷ್ಟು ಅಗ್ಗವಾದರೂ ನಷ್ಟವೇ ಎಂಬುದನ್ನು ಗೆಳೆಯರು ಎಚ್ಚರಿಸಬೇಕು. ಈಗಿನ ಡಿಜಿಟಲ್ ಮುದ್ರಣದಲ್ಲಿ ನೂರಿನ್ನೂರು ಪ್ರತಿ ಹಾಕಿಸಿ, ಬೇಡಿಕೆ ಬಂದರೆ ಮತ್ತೆ ಹಾಕಿಸಲು ಅವಕಾಶವಿದೆ.

ಒಂದು ಉದಾಹರಣೆ ನೋಡೋಣ. ೫೦೦ ಪ್ರತಿಗೆ ೫೦,೦೦೦ ರೂಪಾಯಿ ಖರ್ಚಾಯಿತು, ಬೆಲೆ ೧೫೦ ರೂಪಾಯಿ ಇಟ್ಟರು ಎಂದುಕೊಳ್ಳಿ. ಪೂರ್ತಿ ಬೆಲೆಗೆ ೩೩೪ ಪ್ರತಿ ಹೋದರೆ ಹಾಕಿದ ಹಣ ಹಿಂದಿರುಗುತ್ತದೆ. ಮಾರಾಟಗಾರರಿಗೆ ಮೂರನೆಯ ಒಂದು ಭಾಗ ರಿಯಾಯಿತಿ ಕೊಟ್ಟರೆ ಲೇಖಕರ ಕೈಗೆ ಬರುವುದು ಪ್ರತಿಗೆ ೧೦೦ ರೂಪಾಯಿ. ಆಗ ಐನೂರಕ್ಕೆ ಐನೂರೂ ಮಾರಾಟವಾಗಬೇಕು. ಇದರ ನಡುವೆ ನೂರು ಮಂದಿ ಸ್ನೇಹಿತರು ಗೌರವ ಪ್ರತಿ ಕೇಳಿದರೆ ಆ ಲೇಖಕರು ಎದ್ದು ನಿಲ್ಲುವುದೆಂತು? ನೇರವಾಗಿ ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಸ್ನೇಹಿತನ ಒಂದು ಪ್ರತಿಗೆ ಎಷ್ಟು ತೂಕವಿದೆಯೆಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು ಮುಂಗಡ. ಕೃಷ್ಣರಾಜನಗರದ ಕಡೆಯ ಸೋದರಿಯೊಬ್ಬರು ತಮ್ಮ ಪುಸ್ತಕವನ್ನು ಹೊರತರಲು ಹೊರಟಾಗ, ಹಿಂದೆ ಮಾಡಿದ ತಪ್ಪನ್ನು ನೆನೆದು ನಾವು ಕೆಲವು ಮನೆಯವರು ಸೇರಿದೆವು. ಮನೆಗೆ ಎರಡು ಪ್ರತಿಯಂತೆ ಮೊದಲೇ ಹಣ ಕೂಡಿಸಿದೆವು. ಹಣಕ್ಕೆ ರಸೀದಿ, ಹೆಸರಿಗೆ ಪಟ್ಟಿ, ಲೆಕ್ಕಕ್ಕೆ ಒಬ್ಬರು. ಆ ಸೋದರಿ ಯಾರ ಮುಂದೆಯೂ ಕೈ ಚಾಚಬೇಕಾಗಲಿಲ್ಲ. ನಮ್ಮಲ್ಲಿ ಬರೆಯುವವರಿಗೆ ತಮ್ಮ ಪುಸ್ತಕದ ಬೆಲೆಯನ್ನು ಬಾಯಿ ಬಿಟ್ಟು ಕೇಳಲು ಸಂಕೋಚ. ಅವರ ಪರವಾಗಿ ಕೇಳಲು ಗೆಳೆಯನೊಬ್ಬನಿಗೆ ಯಾವ ಸಂಕೋಚವೂ ಬೇಕಿಲ್ಲ. ನಾವು ಕಂಡಂತೆ ಅತ್ಯಂತ ಉಪಯುಕ್ತವಾದ ನೆರವು ಇದೇ.

ಸರ್ಕಾರದ ಆಸರೆಯನ್ನೂ ಮರೆಯಬಾರದು. ೧೯೯೩ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತ ಬಂದಿದೆ. ಅರ್ಜಿಯ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಗಮನಿಸಿ ಹಳ್ಳಿಯ ತರುಣನಿಗೆ ತಿಳಿಸುವುದೂ, ಅರ್ಜಿ ತುಂಬಿಸಿ ಕೊಡುವುದೂ ಸಹಾಯವೇ.

ಬಿಡುಗಡೆಯ ದಿನ

ಸಮಾರಂಭ ಬೇಡವೆಂದು ನಾವು ಹೇಳುವುದಿಲ್ಲ. ಹತ್ತಾರು ವರ್ಷ ಒಬ್ಬರೇ ಕುಳಿತು ಮಾಡಿದ ಕೆಲಸವನ್ನು ಒಂದು ದಿನ ನಾಲ್ಕು ಜನ ಕೂಡಿ ಗೌರವಿಸುವುದು ಯೋಗ್ಯವಾದದ್ದೇ. ಆದರೆ ಒಬ್ಬೊಬ್ಬರು ಒಂದೊಂದು ಶಾಲು ತರುವ ಬದಲು ಆ ಹಣಕ್ಕೆ ಪುಸ್ತಕ ಕೊಳ್ಳೋಣ. ಶಾಲುಗಳು ಪೆಟ್ಟಿಗೆ ಸೇರುತ್ತವೆ. ಪುಸ್ತಕಗಳು ಮನೆಮನೆ ಸೇರುತ್ತವೆ. ಮಾತನಾಡಲು ಬರುವವರಿಗೆ ತಿಂಗಳ ಮೊದಲೇ ಪ್ರತಿಯನ್ನು ತಲುಪಿಸಬೇಕು, ಓದಿದವರನ್ನೇ ಕರೆಯಬೇಕು. ಪುಸ್ತಕದ ಹೆಸರನ್ನು ವೇದಿಕೆಯ ಮೇಲೆಯೇ ಮೊದಲ ಬಾರಿಗೆ ಓದಿಕೊಳ್ಳುವ ಅತಿಥಿಗಳಿಂದ ಲೇಖಕರಿಗೆ ನೋವಲ್ಲದೆ ಬೇರೇನೂ ದೊರೆಯದು. ದ್ವಾರದಲ್ಲಿ ಮೇಜು ಹಾಕಿ, ಚಿಲ್ಲರೆ ಹಣ ಇಟ್ಟುಕೊಂಡು ಇಬ್ಬರು ತರುಣರು ಕುಳಿತಿರಲಿ. ಅಧ್ಯಕ್ಷರಾದವರು ಮೊದಲ ಪ್ರತಿಯನ್ನು ಎಲ್ಲರೆದುರು ಹಣ ಕೊಟ್ಟು ಕೊಂಡರೆ ಉಳಿದವರಿಗೆ ದಾರಿ ತಾನಾಗಿ ತೆರೆಯುತ್ತದೆ.

ಬಿಡುಗಡೆಯ ನಂತರ

ನಿಜವಾದ ಕೆಲಸ ಇಲ್ಲಿಂದ ಮುಂದಿದೆ. ಗೃಹಪ್ರವೇಶ, ಮದುವೆ, ನಾಮಕರಣ, ಲಿಂಗದೀಕ್ಷೆ, ಹಿರಿಯರ ಸ್ಮರಣೆಯ ದಿನಗಳಲ್ಲಿ ಸ್ಟೀಲು ಪಾತ್ರೆಯ ಬದಲು ಊರ ಲೇಖಕರ ಪುಸ್ತಕ ಕೊಡಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಂದು ಪ್ರತಿ, ತಾನು ಓದಿದ ಶಾಲೆಗೆ ಒಂದು ಪ್ರತಿ ಕೊಂಡು ಕೊಡುವುದು ಯಾರಿಗೂ ಭಾರವಲ್ಲ. ಹೊಸ ಪುಸ್ತಕದ ಪ್ರತಿಯನ್ನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಕೆಲವು ಗ್ರಂಥಾಲಯಗಳಿಗೆ ಪ್ರಕಾಶಕರು ಕಳುಹಿಸಬೇಕೆಂದು ೧೯೫೪ರ ಕಾಯಿದೆಯೊಂದಿದೆ. ಸ್ವಂತ ಖರ್ಚಿನಲ್ಲಿ ಪ್ರಕಟಿಸುವ ನಮ್ಮ ಲೇಖಕರಲ್ಲಿ ಅನೇಕರಿಗೆ ಇದು ತಿಳಿಯದು. ಬಲ್ಲ ಗೆಳೆಯರು ನೆನಪಿಸಬೇಕು. ಮನೆಗೆ ಗೆದ್ದಲು ಬಂದರೂ ಅಲ್ಲೊಂದು ಪ್ರತಿ ಉಳಿದಿರುತ್ತದೆ.

ಪುಸ್ತಕ ಸಾಗಿಸುವ ಖರ್ಚೂ ಸಣ್ಣದಲ್ಲ. ಪುಸ್ತಕಗಳಿಗೆಂದೇ ಇದ್ದ ರಿಯಾಯಿತಿ ದರದ ನೋಂದಾಯಿತ ಅಂಚೆ ೨೦೨೪ರ ಡಿಸೆಂಬರಿನಲ್ಲಿ ನಿಂತುಹೋಯಿತು. ೨೦೨೫ರ ಮೇ ೧ರಿಂದ ಜ್ಞಾನ ಪೋಸ್ಟ್ ಎಂಬ ಸೇವೆಯನ್ನು ಅಂಚೆ ಇಲಾಖೆ ಆರಂಭಿಸಿದೆ. ಆದರೆ ಹುಣಸೂರಿನಿಂದ ಕೋಟೆಗೋ, ಸಾಲಿಗ್ರಾಮದಿಂದ ಸರಗೂರಿಗೋ ಹೋಗಿಬರುವವರು ನಮ್ಮಲ್ಲಿ ಸದಾ ಇರುತ್ತಾರೆ. ಚುಂಚನಕಟ್ಟೆಯ ದನಗಳ ಜಾತ್ರೆಗೆ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ದರ್ಶನಕ್ಕೆ ಹೊರಟವರ ಚೀಲದಲ್ಲಿ ನಾಲ್ಕು ಪುಸ್ತಕಗಳಿಗೆ ಜಾಗವಿರಲಾರದೇ? ಗಳಗನಾಥರು ಒಬ್ಬರೇ ಹೊತ್ತದ್ದನ್ನು ನಾವು ಹತ್ತು ಜನ ಹಂಚಿಕೊಂಡು ಹೊರಬಹುದು.

ಒಂದು ಎಚ್ಚರಿಕೆ. ಪುಸ್ತಕದ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದು ಬಳಗಕ್ಕೆ ಹಂಚುವವರಿದ್ದಾರೆ; ಪ್ರಚಾರ ಮಾಡಿದೆವೆಂದು ತಿಳಿಯುತ್ತಾರೆ. ಅದು ಲೇಖಕರ ಗಂಟನ್ನು ಬಿಚ್ಚಿ ಬೀದಿಗೆ ಚೆಲ್ಲಿದಂತೆ. ಮುಖಪುಟ, ಬೆಲೆ, ದೊರೆಯುವ ಸ್ಥಳ ಇವಿಷ್ಟನ್ನೇ ಹಂಚಿದರೆ ಸಾಕು.

ಎಲ್ಲಕ್ಕಿಂತ ಮಿಗಿಲಾದದ್ದು ಓದು. ಓದಿ ಒಂದು ಕಾಗದ ಬರೆಯಿರಿ. ಯಾವ ಪುಟ ಹಿಡಿಸಿತು, ಎಲ್ಲಿ ಒಪ್ಪಿಗೆಯಿಲ್ಲ ಎಂದು ಹೆಸರಿಸಿ ತಿಳಿಸಿ. ‘ಚೆನ್ನಾಗಿದೆ’ ಎಂಬ ಒಂದು ಮಾತಿನಿಂದ ಬರೆದವನಿಗೆ ಏನೂ ತಿಳಿಯುವುದಿಲ್ಲ.

ಕಾಯಕವನ್ನು ಪೂಜ್ಯವೆಂದು ತಿಳಿದ ಪರಂಪರೆ ನಮ್ಮದು. ನೇಯುವವನ ಬಟ್ಟೆಯನ್ನು, ಕುಂಬಾರನ ಮಡಕೆಯನ್ನು ಗೌರವ ಪ್ರತಿಯೆಂದು ನಾವು ಕೇಳುವುದಿಲ್ಲ. ಬರೆಯುವುದೂ ಕಾಯಕವೇ. ಅದಕ್ಕೆ ಸಲ್ಲಬೇಕಾದ ಬೆಲೆಯನ್ನು ಸಲ್ಲಿಸಿ, ಅನಂತರ ಬೇಕಾದರೆ ಹಾರ ಹಾಕೋಣ.

ಆ ಉಪಾಧ್ಯಾಯರ ಮೊದಲ ಭಾಗವನ್ನು ಈಗ ನಾವು ಓದಿದ್ದೇವೆ. ಯಾವ ಹಾಡು ಹಿಡಿಸಿತೆಂದು ಈಗ ಹೇಳಬಲ್ಲೆವು. ಕೇಳಲು ಅವರಿಲ್ಲ. ಓದುಗ ಬಂಧುಗಳ ಮನೆಯ ಕಪಾಟಿನಲ್ಲಿಯೂ ಸ್ನೇಹಿತರೊಬ್ಬರು ಸಹಿ ಹಾಕಿ ಕೊಟ್ಟ, ಇನ್ನೂ ತೆರೆಯದ ಪುಸ್ತಕವೊಂದು ಇರಬಹುದು. ಇಂದೇ ಅದನ್ನು ಕೆಳಗಿಳಿಸಿ. ಬರೆದವರು ಇನ್ನೂ ನಮ್ಮ ನಡುವೆ ಇರುವಾಗಲೇ ಓದಿ ಮುಗಿಸಿ, ಅವರ ಮನೆಗೆ ಹೋಗಿ ಬನ್ನಿ.