ಉಪ್ಪುನೀರಿಗೆ ಒಗ್ಗಿದ ಕಗ್ಗ: ಬೀಜದ ಗುಣವೋ, ಗಜನಿಯ ಕೆಲಸವೋ?

ಕುಮಟಾ ತಾಲೂಕಿನ ಮಾಣಿಕಟ್ಟಾ ಸುತ್ತಿನ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ಅಘನಾಶಿನಿಯ ಅಳಿವೆಯಂಚಿನ ಈ ತಗ್ಗು ಗದ್ದೆಗಳಿಗೆ ಬೇಸಿಗೆಯಲ್ಲಿ ಉಬ್ಬರದ ಉಪ್ಪುನೀರು ಏರುತ್ತದೆ, ಮಳೆಗಾಲದಲ್ಲಿ ನೆರೆ ನಿಲ್ಲುತ್ತದೆ. ಬೇರೆ ತಳಿಗಳು ಕೈಕೊಡುವ ಈ ಜಾಗದಲ್ಲಿ ಕಗ್ಗ ತೆನೆ ಬಿಡುತ್ತದೆ. ಹಾಗಾಗಿ ಇದನ್ನು ಉಪ್ಪು ತಾಳುವ ಅಪರೂಪದ ಬೀಜ ಎಂದು ಹೊಗಳುವುದು ವಾಡಿಕೆ. ಆ ಹೊಗಳಿಕೆ ಅರ್ಧ ಮಾತ್ರ ನಿಜ. ಕಗ್ಗ ಈಗಿನ ಕಗ್ಗವಾಗಿದ್ದರಲ್ಲಿ ಬೀಜಕ್ಕಿರುವಷ್ಟೇ ಪಾಲು ಮುಂಗಾರಿಗೂ ಉಬ್ಬರ ತಡೆಯುವ ಮಣ್ಣಿನ ಒಡ್ಡಿಗೂ ಇದೆ.

ಉಪ್ಪು ಗಿಡವನ್ನು ಎರಡು ಬಗೆಯಲ್ಲಿ ಕಾಡುತ್ತದೆ. ಮೊದಲನೆಯದು, ಗಿಡಕ್ಕೆ ನೀರು ಸಿಗದಂತೆ ಮಾಡುತ್ತದೆ. ನೀರಿನ ಅಣುವಿನ ಆಕ್ಸಿಜನ್ ಬದಿಗೆ ತುಸು ಋಣ, ಹೈಡ್ರೋಜನ್ ಬದಿಗೆ ತುಸು ಧನ ವಿದ್ಯುದಂಶವಿದೆ. ಅದಕ್ಕೇ ಅದು ಉಪ್ಪಿನ ಅಯಾನುಗಳನ್ನು ಸುತ್ತುವರಿದು ಹಿಡಿದುಕೊಳ್ಳುತ್ತದೆ. ಕರಗಿದ ವಸ್ತು ಹೆಚ್ಚಿರುವ ಕಡೆಗೆ ನೀರು ಪೊರೆ ದಾಟಿ ಹೋಗುತ್ತದೆ. ಉಪ್ಪು ಹಾಕಿದ ಮಾವಿನ ಮಿಡಿ ಭರಣಿಯಲ್ಲಿ ನೀರು ಬಿಡುವುದೂ ಹೀಗೆಯೇ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರಿನ ಸೆಳೆತ ವಾತಾವರಣದ ಒತ್ತಡದ ಸುಮಾರು 25 ಪಟ್ಟು. ಸಾಮಾನ್ಯ ಭತ್ತದ ಬೇರಿನ ಸೆಳೆತ ಅದರ ಅರ್ಧದಷ್ಟೂ ಇಲ್ಲ. ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರುತ್ತದೆ. ಎರಡನೆಯದು, ಒಳಹೊಕ್ಕ ಸೋಡಿಯಂ ಪೊಟ್ಯಾಸಿಯಂನ ಜಾಗ ಹಿಡಿದು ಕಿಣ್ವಗಳ ಕೆಲಸವನ್ನೂ ಪ್ರೋಟೀನ್ ತಯಾರಿಕೆಯನ್ನೂ ಕೆಡಿಸುತ್ತದೆ. ತಾಳಿಕೆಯ ತಳಿಗಳು ಸೋಡಿಯಂ ಎಲೆಗೇರದಂತೆ ತಡೆಯುತ್ತವೆ, ಏರಿದ್ದನ್ನು ಕೋಶದೊಳಗಿನ ರಸದಾನಿಗೆ ತಳ್ಳುತ್ತವೆ, ಪ್ರೋಟೀನುಗಳ ಆಕಾರಕ್ಕೆ ಧಕ್ಕೆ ಮಾಡದ ಪ್ರೋಲಿನ್‌ನಂಥ ಸಣ್ಣ ಅಣುಗಳನ್ನು ಕೂಡಿಟ್ಟುಕೊಂಡು ನೀರನ್ನು ಉಳಿಸಿಕೊಳ್ಳುತ್ತವೆ.

ಇಷ್ಟೆಲ್ಲ ಇದ್ದರೂ ಅಪ್ಪಟ ಸಮುದ್ರದ ನೀರಿನಲ್ಲಿ ಬೆಳೆಯುವ ಭತ್ತ ಇಲ್ಲ. ಭತ್ತ ಉಪ್ಪಿಗೆ ಹೆಚ್ಚು ಸೋಲುವುದು ಸಸಿಯಾಗಿರುವಾಗ ಮತ್ತು ಹೂಬಿಡುವಾಗ. ಗಜನಿಯ ಬೇಸಾಯದ ಕ್ರಮ ಈ ಎರಡು ಹೊತ್ತನ್ನೇ ಕಾಯುತ್ತದೆ. ಭಟ್ಕಳದಿಂದ ಕುಮಟೆಯವರೆಗಿನ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಮೊದಲ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ; ಹಿನ್ನೀರು ಮತ್ತೆ ಉಪ್ಪಾಗುವ ಮುನ್ನ ತೆನೆ ಕಟ್ಟಿರುತ್ತದೆ. ತೆನೆಯಷ್ಟನ್ನೇ ಕೊಯ್ದು, ಉಳಿದ ಹುಲ್ಲನ್ನು ಗದ್ದೆಯಲ್ಲೇ ಬಿಟ್ಟು ಒಡ್ಡಿನ ತೂಬು ತೆರೆದು ಉಪ್ಪುನೀರು ಬಿಟ್ಟರೆ, ಕೊಳೆತ ಹುಲ್ಲು ಅದರೊಡನೆ ಬರುವ ಶೆಟ್ಲಿ (ಸೀಗಡಿ), ಮೀನುಗಳಿಗೆ ಆಹಾರ. ನೆರೆಯನ್ನೂ ಉಪ್ಪನ್ನೂ ದಾಟಿ ಉಳಿದ ಗಿಡದ ಕಾಳೇ ಮರುವರ್ಷದ ಬಿತ್ತನೆಗೆ ಹೋಗುತ್ತ ಬಂದದ್ದರಿಂದ ಉದ್ದ ದಂಟಿನ, ಗಟ್ಟಿ ಜೀವದ ಈ ತಳಿ ರೂಪುಗೊಂಡಿತು. ಆ ಪರೀಕ್ಷೆಯನ್ನು ಗಿಡ ತಾಳುವಷ್ಟು ಹದದಲ್ಲಿಟ್ಟದ್ದು ಊರವರು ಸೇರಿ ಕಾಯ್ದ ಒಡ್ಡು.

ಹಾಗಿದ್ದರೆ ತಾಳಿಕೆಯ ಜೀನನ್ನು ಹೆಚ್ಚು ಇಳುವರಿಯ ತಳಿಗೆ ಸೇರಿಸಿದರೆ ಸಾಲದೇ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಬಂಗಾಳದ ನೋನಾ ಬೋಕ್ರಾ ತಳಿಯಲ್ಲಿ ಸೋಡಿಯಂ ಎಲೆಗೇರದಂತೆ ತಡೆಯುವ ಜೀನನ್ನು ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು. ಕೇರಳದ ಪೊಕ್ಕಾಲಿ ಭತ್ತದಿಂದ ಬಂದ ‘ಸಾಲ್ಟಾಲ್’ ಎಂಬ ವರ್ಣತಂತು ಭಾಗವನ್ನು ಹಲವು ತಳಿಗಳಿಗೆ ಸೇರಿಸಿಯೂ ಆಗಿದೆ. ಆದರೆ ಉಪ್ಪಿನ ತಾಳಿಕೆ ಒಂದೇ ಜೀನಿನ ಗುಣವಲ್ಲ. ಗಿಡ್ಡ ತಳಿಗೆ ಇಂಥ ಜೀನನ್ನು ಸೇರಿಸಿದರೂ ಮಾಣಿಕಟ್ಟಾದ ನೆರೆಯಲ್ಲಿ ಗಿಡ ಮುಳುಗಿಹೋಗುತ್ತದೆ. ಒಡ್ಡು ಒಡೆದು ಹೂಬಿಡುವ ಹೊತ್ತಿಗೆ ಉಪ್ಪು ನುಗ್ಗಿದರೆ ಯಾವ ಜೀನೂ ಕಾಯದು.

ಉಪ್ಪೇ ಶತ್ರುವಾದರೆ ಅಳಿವೆಯನ್ನೇ ಸಿಹಿಯಾಗಿಸಬಹುದಲ್ಲ ಎಂಬ ಮಾತಿಗೆ ಹೊನ್ನಾವರದ ಶರಾವತಿ ಉತ್ತರ ಕೊಟ್ಟಿದೆ. 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆ ಅಣೆಕಟ್ಟು ಬಂದು, ವಿದ್ಯುತ್ ತಯಾರಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯತೊಡಗಿತು. ಅಳಿವೆಯ ಉಪ್ಪು ಇಳಿಯಿತು, ಬಳಚಿನಂಥ ಚಿಪ್ಪುಜೀವಿಗಳು ಬಹುಮಟ್ಟಿಗೆ ಕಣ್ಮರೆಯಾದವು. ಬಳಚು ಹೊರಗಿನ ಉಪ್ಪಿಗೆ ಸರಿದೂಗುವಷ್ಟು ಗ್ಲೈಸಿನ್, ಅಲನಿನ್ ಮುಂತಾದ ಅಮೈನೋ ಆಮ್ಲಗಳನ್ನು ಕೋಶಗಳಲ್ಲಿ ತುಂಬಿಟ್ಟುಕೊಳ್ಳುವ ಜೀವಿ. ಉಪ್ಪು ಅತಿಯಾಗಿ ಇಳಿದರೆ ಕೋಶಗಳಿಗೆ ನೀರು ನುಗ್ಗಿ ಈ ಸಮತೋಲ ತಪ್ಪುತ್ತದೆ. ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬಳಚು ಇನ್ನೂ ಸಿಗುತ್ತದೆ. ಉಪ್ಪು ಇರುವುದೂ ಬೇಕು, ಹೊತ್ತಿಗೆ ಸರಿಯಾಗಿ ಇಳಿಯುವುದೂ ಬೇಕು.

ಹಣದ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣ. ಶೆಟ್ಲಿ ಕೃಷಿ ಕೊಡುವಷ್ಟನ್ನು ಕಗ್ಗ ಕೊಡದು. ಲಾಭ ಬಿಟ್ಟು ಭತ್ತ ಬೆಳೆ ಎಂದು ರೈತನಿಗೆ ಬುದ್ಧಿ ಹೇಳುವ ಹಕ್ಕು ಪೇಟೆಯವರಿಗಿಲ್ಲ. ಆದರೆ ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಗಜನಿಯಲ್ಲಿ ಶೆಟ್ಲಿಗೆ ಮೇವಾಗುತ್ತಿದ್ದ ಹುಲ್ಲು ಇಲ್ಲವಾಗುತ್ತದೆ, ಬಿತ್ತನೆ ತಪ್ಪಿದ ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಹೊರಬಿತ್ತು. ಆ ಮನ್ನಣೆಗೆ ಅರ್ಥ ಬರಬೇಕಾದರೆ ಸರ್ಕಾರದ ದುಡ್ಡು ಬೀಜದ ಸಂಗ್ರಹಕ್ಕಿಂತ ಮೊದಲು ಒಡ್ಡಿಗೆ, ತೂಬಿಗೆ, ಅವನ್ನು ಕಾಯುವ ರೈತರ ಕೂಲಿಗೆ ಸಲ್ಲಬೇಕು. ಬೀಜವನ್ನು ಶೀತಲಗೃಹದಲ್ಲಿ ಇಡಬಹುದು. ಅದನ್ನು ಕಗ್ಗವಾಗಿಸಿದ ಏರ್ಪಾಟು ಗದ್ದೆಯಲ್ಲಿ ಮಾತ್ರ ಉಳಿಯುತ್ತದೆ.